ಸೋಮವಾರದ ಒಂಬತ್ತು ಅಂಕ

ಕಾಯಿಲೆಯಿಂದ ಎದ್ದವರು ಅದರ ಕಥೆ ಬರೆಯುವಾಗ ಕೊನೆಗೊಂದು ಒಳ್ಳೆಯ ಮಾತು ಹೇಳಬೇಕೆಂದು ಓದುವವರು ಬಯಸುತ್ತಾರೆ. ನನ್ನ ಹತ್ತಿರ ಅಂಥದ್ದು ಹೆಚ್ಚಿಲ್ಲ. ನನ್ನ ಸೊಂಟ ನೆಟ್ಟಗಾಯಿತು, ಮತ್ತೆ ಶಾಲೆಗೆ ಹೋದೆ, ಈಗ ಪಿಂಚಣಿ ತೆಗೆದುಕೊಂಡು ಕೂತಿದ್ದೇನೆ. ಆದರೆ ಆ ನೋವಿನ ದಿನಗಳಲ್ಲಿ ನನ್ನ ಒಡಹುಟ್ಟಿದ ಅಕ್ಕನನ್ನು ಕಳೆದುಕೊಂಡೆ. ಕಳೆದದ್ದು ನಾನೇ, ನನ್ನ ಕೈಬರಹದಲ್ಲೇ. ಇಂಥ ನೋವಿನಲ್ಲಿ ಮಲಗಿರುವವರು ಯಾರಾದರೂ ಇದನ್ನು ಓದಿದರೆ, ತಮ್ಮನ್ನು ನೋಡಲು ಬಂದವರ ಮೇಲೆ ತಪ್ಪು ಹೊರಿಸುವ ಮುಂಚೆ ಒಂದು ಗಳಿಗೆ ಯೋಚಿಸಲಿ ಎಂದು ಬರೆಯುತ್ತಿದ್ದೇನೆ.

ಎಪ್ಪತ್ತರ ದಶಕದ ನಡುವಿನ ಮಾತು. ನಾನು ಮಳವಳ್ಳಿಯಲ್ಲಿ ಮಾಧ್ಯಮಿಕ ಶಾಲೆಯ ವಿಜ್ಞಾನದ ಮೇಷ್ಟ್ರು. ಬಾಡಿಗೆ ಮನೆಯಲ್ಲಿ ನಾನು, ಹೆಂಡತಿ ಜಯಮ್ಮ, ನನ್ನ ಅವ್ವ. ಸಂಕ್ರಾಂತಿ ರಜೆಗೆ ಊರಿಗೆ ಹೋದವನು ಸುಮ್ಮನಿರಲಾರದೆ ಕಬ್ಬಿನ ಹೊರೆಯನ್ನು ಗಾಡಿಗೆ ಎತ್ತಿ ಕೊಡಲು ನಿಂತೆ. ಮೇಷ್ಟ್ರಿಗೆ ಕೈಲಾಗುತ್ತಾ ಎಂದು ಯಾರೋ ರೇಗಿಸಿದ್ದರು. ಮೂರನೇ ಹೊರೆಗೆ ಸೊಂಟದಲ್ಲಿ ಏನೋ ಕಳಚಿದಂತಾಯಿತು. ಅಲ್ಲೇ ಬದುವಿನ ಮೇಲೆ ಕೂತೆ. ಎದ್ದಾಗ ಎಡಗಾಲು ನನ್ನದಾಗಿರಲಿಲ್ಲ.

ಸೊಂಟದಿಂದ ಹಿಮ್ಮಡಿಯವರೆಗೆ ಮೆಣಸಿನ ಪುಡಿ ಸವರಿದ ಹಾಗೆ ಉರಿ. ಪಂಚೆಯ ಅಂಚು ತಾಗಿದರೂ ಜೀವ ಹೋಗುತ್ತಿತ್ತು. ಎಣ್ಣೆ ತಿಕ್ಕಿಸಿದೆವು, ಪಟ್ಟು ಹಾಕಿಸಿದೆವು, ಹತ್ತಿರದ ಡಾಕ್ಟರ ಬಳಿ ಸೂಜಿ ಚುಚ್ಚಿಸಿದೆವು. ಒಂದು ತಿಂಗಳು ಕಳೆದರೂ ಉರಿ ಇಳಿಯಲಿಲ್ಲ. ಕೊನೆಗೆ ಮಂಡ್ಯದ ಆಸ್ಪತ್ರೆಗೆ ಹೊರಟೆವು.

ಮಳವಳ್ಳಿಯಿಂದ ಮದ್ದೂರಿಗೆ ಬಸ್ಸು, ಅಲ್ಲಿ ಇಳಿದು ಇನ್ನೊಂದು ಹತ್ತಬೇಕು. ಆ ರಸ್ತೆಯ ಒಂದೊಂದು ಗುಂಡಿಯೂ ನನಗೆ ಬಾಯಿಪಾಠವಾಗಿತ್ತು. ಡ್ರೈವರ್ ದೊಡ್ಡ ಮೀಸೆಯ ಒರಟು ಆಸಾಮಿ, ಯಾರಿಗೂ ಮುಖ ಕೊಟ್ಟು ಮಾತಾಡಿದವನಲ್ಲ. ನಾನು ಕಂಬಿ ಹಿಡಿದು ನಿಂತು ಬೆವರುವುದನ್ನು ಕನ್ನಡಿಯಲ್ಲಿ ನೋಡಿ, ಪ್ರತಿ ಗುಂಡಿಗೂ ಮುಂಚೆ ಕೂಗಿ ಹೇಳತೊಡಗಿದ. “ಮೇಷ್ಟ್ರೇ, ಅಳ್ಳ ಬತ್ತದೆ, ಬಿಗಿಯಾಗಿ ಇಡ್ಕಳಿ.” ಹಾಗೆ ಕೂಗಿ ಬಸ್ಸನ್ನು ನಡಿಗೆಯ ವೇಗಕ್ಕೆ ಇಳಿಸುತ್ತಿದ್ದ. ಹಿಂದಿನವರು ಗೊಣಗಿದರೆ, “ಅರ್ಜೆಂಟ್ ಇದ್ರೆ ಇಳ್ದು ನಡ್ಕಂಡೋಗಿ” ಎನ್ನುತ್ತಿದ್ದ. ಅವನ ಹೆಸರು ಕೂಡ ನಾನು ಕೇಳಲಿಲ್ಲ.

ಆಸ್ಪತ್ರೆಯ ಹೊರಗಿನ ಓಣಿಯಲ್ಲಿ ಒಂದೇ ಉದ್ದನೆಯ ಬೆಂಚು. ಬೆನ್ನು ಹಿಡಿದವರು, ಕೈ ಮುರಿದವರು, ಅವರನ್ನು ಕರೆತಂದವರು ಎಲ್ಲರೂ ಅದರ ಮೇಲೆ ಒತ್ತಿಕೊಂಡು ಕೂತಿದ್ದರು. ಯಲಿಯೂರಿನ ಒಬ್ಬ ಮುದುಕ, ತಾನೇ ಮಂಡಿಯ ನೋವಿಗೆ ಬಂದವನು, ನನ್ನ ಮುಖ ನೋಡಿ ಎದ್ದ. ಪಕ್ಕದ ಇಬ್ಬರನ್ನೂ ಎಬ್ಬಿಸಿದ. “ಮಲೀಕಳಪ್ಪ, ನಿಂತ್ಕಂಡ್ರೆ ನಾನೇನ್ ಸಾಯಕಿಲ್ಲ” ಎಂದ. ನಾನು ಮಲಗಿದೆ, ಅವನು ಎರಡು ಗಂಟೆ ಗೋಡೆಗೆ ಒರಗಿ ನಿಂತ. ನನಗೆ ನಾಚಿಕೆಯಾಯಿತು, ಆದರೆ ಏಳಲಿಲ್ಲ. ನೋವು ಮನುಷ್ಯನನ್ನು ಎಷ್ಟು ಸ್ವಾರ್ಥಿಯಾಗಿ ಮಾಡುತ್ತದೆ ಎಂದು ನನಗೆ ಮೊದಲು ಗೊತ್ತಾದದ್ದು ಆ ಬೆಂಚಿನ ಮೇಲೆ.

ಡಾಕ್ಟರು ಸಣಕಲು ಮನುಷ್ಯ, ಮಾತು ಮೆಲ್ಲಗೆ. ಎಕ್ಸ್‌ರೇ ನೋಡಿದರು, ಕಾಲು ಎತ್ತಿಸಿದರು, ನಾನು ಕಿರುಚಿದೆ. ನರ ಅಮುಕಿಕೊಂಡು ಪೆಟ್ಟಾಗಿದೆ, ಸದ್ಯಕ್ಕೆ ಆಪರೇಷನ್ ಬೇಡ, ಮಾತ್ರೆ ನೋಡೋಣ ಎಂದರು. ನಾನು ವಿಜ್ಞಾನದ ಮೇಷ್ಟ್ರು, ಜೊತೆಗೆ ಗದ್ದೆಯವರ ಮಗ ಎಂದು ತಿಳಿದು ನನಗೆ ಅರ್ಥವಾಗುವ ಹಾಗೆ ಬಿಡಿಸಿ ಹೇಳಿದರು.

“ನೋವು ಬೆನ್ನುಹುರಿಯಲ್ಲಿ ಮೇಲಕ್ಕೆ ಹೋಗೋ ದಾರೀಲಿ ನಿಮ್ಮ ನಾಲೆಯ ತೂಬಿನಂಥದ್ದು ಒಂದಿದೆ. ಮಿದುಳಿಂದ ನಾರ್‌ಅಡ್ರಿನಲಿನ್ ಅನ್ನೋ ಒಂದು ರಸ ಇಳಿದು ಬಂದು ಆ ತೂಬನ್ನ ಇಳಿಸಿ ನೋವನ್ನ ತಡೆಯುತ್ತೆ. ಈ ಮಾತ್ರೆ ಆ ರಸ ಬೇಗ ಇಂಗಿಹೋಗದ ಹಾಗೆ ನೋಡ್ಕೊಳ್ಳುತ್ತೆ. ಮನಸ್ಸು ಕುಗ್ಗಿದವರಿಗೂ ಇದನ್ನೇ ಕೊಡ್ತೀವಿ, ನೀವು ಹೆದರಬೇಡಿ. ಹಿಡಿಯೋಕೆ ಮೂರು ನಾಲ್ಕು ವಾರ ಬೇಕು.”

ಆಮೇಲೆ ನಗುತ್ತ ಇನ್ನೊಂದು ಮಾತು ಸೇರಿಸಿದರು. “ಮೇಷ್ಟ್ರಲ್ವಾ, ಅಂಕ ಕೊಡೋದು ಅಭ್ಯಾಸ ಇರುತ್ತೆ. ದಿನಾ ಸಂಜೆ ನೋವಿಗೆ ಹತ್ತಕ್ಕೆ ಎಷ್ಟು ಅಂತ ಬರೆದಿಡಿ. ಮುಂದಿನ ಸಲ ತಗೊಂಡು ಬನ್ನಿ.”

ಮದ್ದೂರಿನ ಔಷಧಿ ಅಂಗಡಿಯಲ್ಲಿ ಚೀಟಿ ನೋಡಿದವನು ನಾಲ್ಕು ಜನರ ಮುಂದೆ ಗಟ್ಟಿಯಾಗಿ ಕೇಳಿದ. “ಇದು ತಲೆ ಕೆಟ್ಟೋರ್ಗೆ ಕೊಡೋ ಮಾತ್ರೆ ಅಲ್ವಾ? ಯಾರ್ಗೆ?” ಜಯಮ್ಮ ತಲೆ ತಗ್ಗಿಸಿ, “ನಮ್ಮ ಮನೆಯೋರ್ಗೆ” ಎಂದಳು. ಮನೆಯಲ್ಲಿ ಅವ್ವ ಮಾತ್ರೆಯ ಚೀಟಿಯನ್ನು ಕೈಯಲ್ಲಿ ಹಿಡಿದು, ಓದಲು ಬಾರದಿದ್ದರೂ ಹಿಂದೆ ಮುಂದೆ ತಿರುಗಿಸಿ ನೋಡಿದಳು. “ಕಾಲ್ ನೋವು ಅಂದ್ರೆ ತಲೆಗ್ ಮದ್ದು ಕೊಟ್ಟವ್ನಲ್ಲ, ಅವ್ನೆಂಥ ಡಾಕ್ಟ್ರು ಕಣ್ಲಾ” ಎಂದಳು. ಅಂದಿನಿಂದ ನಾನು ಸಿಡುಕಿದರೆ ಸಾಕು, ಅತ್ತೆ ಸೊಸೆ ಮುಖ ಮುಖ ನೋಡಿಕೊಳ್ಳುತ್ತಿದ್ದರು. ಆ ನೋಟಕ್ಕೆ ಹೆದರಿ ನಾನು ನೋವನ್ನು ಬಾಯಲ್ಲಿ ಹೇಳುವುದನ್ನೇ ಬಿಟ್ಟೆ. ಎಲ್ಲವನ್ನೂ ಪುಸ್ತಕದಲ್ಲಿ ಬರೆಯತೊಡಗಿದೆ.

ಅಕ್ಕನ ಬಗ್ಗೆ ಈಗ ಹೇಳಬೇಕು. ಅವಳ ಹೆಸರು ಚಿಕ್ಕತಾಯಮ್ಮ, ನನಗಿಂತ ಎಂಟು ವರ್ಷ ದೊಡ್ಡವಳು. ಭಾವ ಜಲಪಾತದ ಹತ್ತಿರದ ಬ್ಲಫ್ ಎಂಬ ಊರಿನಲ್ಲಿ ಕರೆಂಟಿನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು. ಅವರು ಜ್ವರದಲ್ಲಿ ತೀರಿಕೊಂಡ ಮೇಲೆ ಅಕ್ಕ ಕ್ವಾರ್ಟರ್ಸ್ ಬಿಟ್ಟು, ಮಗಳು ಸುಮಿತ್ರಳನ್ನು ಕರೆದುಕೊಂಡು ಹಲಗೂರಿನ ಮೈದುನನ ಮನೆ ಸೇರಿದ್ದಳು. ಅಲ್ಲಿ ದಿನವಿಡೀ ಹೊಲದ ಗೆಯ್ಮೆ. ಸೋಮವಾರ ನಮ್ಮ ಕಡೆ ಎತ್ತಿಗೆ ನೊಗ ಹೂಡುವುದಿಲ್ಲ. ಅದು ಬಸವಣ್ಣನ ದಿನ. ಎತ್ತಿಗೆ ಸಿಕ್ಕಿದ ಆ ರಜೆಯೇ ಅಕ್ಕನಿಗೂ ರಜೆ. ನಾನು ಮಲಗಿದ ದಿನದಿಂದ ಪ್ರತಿ ಸೋಮವಾರವೂ ಬೆಳಗಿನ ಬಸ್ಸಿಗೆ ಬಂದು ಸಂಜೆಯ ಬಸ್ಸಿಗೆ ಹೋಗುತ್ತಿದ್ದಳು.

ಬ್ಲಫ್‌ನ ಸಂಸಾರದಿಂದ ಅವಳ ಬಳಿ ಉಳಿದದ್ದು ಒಂದೇ ಅಭ್ಯಾಸ, ಒಳ್ಳೆಯ ಕಾಫಿ. ಬೀಜ ತರಿಸಿ, ಬಾಣಲೆಯಲ್ಲಿ ಕಪ್ಪಗೆ ಹುರಿದು, ಒರಳಲ್ಲಿ ಕುಟ್ಟಿ, ಒಂದು ಹಳೆಯ ಬಿಸ್ಕತ್ತಿನ ಡಬ್ಬದಲ್ಲಿ ತುಂಬಿ ತರುತ್ತಿದ್ದಳು. ಬಂದವಳೇ ಸೀರೆ ಎತ್ತಿ ಕಟ್ಟಿ, ಬೆಲ್ಲ ಹಾಕಿ, ಗಟ್ಟಿಯಾಗಿ ಕಾಸಿ, ನನ್ನ ತಲೆ ಎತ್ತಿ ಹಿಡಿದು ಕುಡಿಸುತ್ತಿದ್ದಳು.

“ಕುಡೀ ಮಗ. ಅಂಗಡಿ ಪುಡೀಲಿ ಏನದೆ, ಬರೀ ಚಿಕೋರಿ. ಇದ್ರಲ್ಲಿ ಸಕ್ತಿ ಅದೆ.”

ಸಂಜೆಯೊಳಗೆ ನಾಲ್ಕು ಲೋಟ. ಅವಳು ಬಿಟ್ಟು ಹೋದ ಡಬ್ಬ ಗುರುವಾರದವರೆಗೆ ಬರುತ್ತಿತ್ತು. ಆಮೇಲೆ ಅಂಗಡಿಯ ಪುಡಿ. ಅಕ್ಕನ ಕಾಫಿ ಕುಡಿದಾಗ ನನಗೆ ಕಣ್ಣಲ್ಲಿ ಬೆಳಕು ಬಂದಂತಾಗುತ್ತಿತ್ತು. ಆ ಮೂರು ತಿಂಗಳಲ್ಲಿ ನನಗೆ ಇಷ್ಟವಾದ ದಿನವೆಂದರೆ ಸೋಮವಾರವೇ.

ನಾನು ಪುಸ್ತಕವನ್ನು ಶಿಸ್ತಾಗಿ ಇಟ್ಟಿದ್ದೆ. ಗೆರೆ ಹಾಕಿ ಐದು ಕಲಂ ಮಾಡಿದ್ದೆ. ತಾರೀಖು, ವಾರ, ಊಟ, ಮನೆಗೆ ಬಂದವರು, ಅಂಕ. ಐದನೇ ವಾರದ ಕೊನೆಗೆ ಹಾಳೆ ತಿರುಗಿಸಿದಾಗ ನನಗೇ ಮೈ ಜುಮ್ಮೆಂದಿತು. ಶನಿವಾರ ಮೂರು ಅಂಕ, ಭಾನುವಾರ ಮೂರು. ಸೋಮವಾರ ಒಂಬತ್ತು. ಮಂಗಳವಾರ ಎಂಟು. ಆಮೇಲೆ ಮೆಲ್ಲಗೆ ಇಳಿಯುತ್ತ ಮತ್ತೆ ಶನಿವಾರಕ್ಕೆ ಮೂರು. ಹಿಂದಿನ ಮೂರು ವಾರವೂ ಹೀಗೆಯೇ ಇತ್ತು. ಊಟದ ಕಲಮಿನಲ್ಲಿ ಎಲ್ಲ ದಿನವೂ ಅದೇ ಮುದ್ದೆ, ಅದೇ ಅನ್ನ ಸಾರು. ಬದಲಾಗುತ್ತಿದ್ದದ್ದು ಒಂದೇ ಕಲಂ, ಬಂದವರ ಹೆಸರಿನದು.

ಕ್ಲಾಸಿನಲ್ಲಿ ನಾನು ಮಕ್ಕಳಿಗೆ, ಕಣ್ಣಿಗೆ ಕಂಡದ್ದನ್ನು ನಂಬಿ, ಕೇಳಿದ್ದನ್ನು ನಂಬಬೇಡಿ ಎನ್ನುತ್ತಿದ್ದೆ. ಕಣ್ಣಿಗೆ ಕಾಣುತ್ತಿತ್ತಲ್ಲ! ಅವ್ವನನ್ನು ಕರೆದು ಓದಿ ಹೇಳಿದೆ. ಯಾರನ್ನೂ ನಾನು ದೂರಲಿಲ್ಲ, ಬರೀ ಓದಿದೆ ಎಂದು ಎಷ್ಟೋ ವರ್ಷ ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೇನೆ. ಸುಳ್ಳು. ಅವ್ವ ಏನು ತಿಳಿದುಕೊಳ್ಳುತ್ತಾಳೆಂದು ನನಗೆ ಗೊತ್ತಿತ್ತು.

ಅವ್ವ ಪುಸ್ತಕ ಇಸಿದುಕೊಂಡು ಮುಚ್ಚಿದಳು. ಆಮೇಲೆ, “ಗಂಡನ್ನ ಕಳ್ಕಂಡೋಳು. ಅವ್ಳ್ ಒಟ್ಟೇಲಿ ಏನೂ ಇಲ್ಲ ಕನಪ್ಪ, ಆದ್ರೆ ಕಣ್ಣು ಅನ್ನಾದು ಅವ್ಳ್ ಮಾತ್ ಕೇಳ್ತದಾ” ಎಂದಳು. ಹೇಳುತ್ತ ಅತ್ತಳು. ಅಕ್ಕನೂ ಅವಳು ಹೆತ್ತ ಮಗಳೇ.

ಮುಂದಿನ ಸೋಮವಾರ ಅಕ್ಕ ಬಂದಾಗ ನಾನು ನಡುಮನೆಯಲ್ಲಿ ಚಾಪೆಯ ಮೇಲೆ ಮಲಗಿದ್ದೆ. ಬಾಗಿಲು ನನಗೆ ನೇರ ಕಾಣುತ್ತಿತ್ತು. ಅವ್ವ ಹೊಸಿಲಿಗೆ ಅಡ್ಡ ನಿಂತಳು.

“ಒಳೀಕ್ ಬರ್‌ಬ್ಯಾಡ ಕಣವ್ವ. ಜಗುಲಿ ಮ್ಯಾಲೇ ಕೂತ್ಕೊ.”

“ಯಾಕವ್ವ? ಮನೇಲಿ ಏನಾಯ್ತು? ತಮ್ಮಯ್ಯ ಎಂಗವ್ನೆ?”

“ನೀನ್ ಬಂದ್ ದಿನ ಅವ್ನ್ಗೆ ನೋವು ಜಾಸ್ತಿ ಆಯ್ತದೆ. ಪುಸ್ತಕದಲ್ಲಿ ಬರ್ದವ್ನೆ.”

ಅಕ್ಕ ಅವ್ವನ ಭುಜದ ಮೇಲಿಂದ ನನ್ನನ್ನು ನೋಡಿದಳು. ಕಂಕುಳಲ್ಲಿ ಆ ಡಬ್ಬ ಇತ್ತು.

“ಲೇ ತಮ್ಮ, ನೀನೂ ಅಂಗೇ ಅನ್ಕಂಡಿದ್ದೀಯೇನ್ಲಾ?”

ಇಲ್ಲ ಎನ್ನಬಹುದಿತ್ತು. ಒಂದೇ ಮಾತು. ಆದರೆ ಕಾಲು ಉರಿಯುತ್ತಿತ್ತು, ಇಂದು ಮತ್ತೆ ಒಂಬತ್ತಾದರೆ ಎಂಬ ಹೆದರಿಕೆ ಎದೆಯಲ್ಲಿ ಕೂತಿತ್ತು. ನಾನು ಮುಖ ಪಕ್ಕಕ್ಕೆ ತಿರುಗಿಸಿ, “ಪುಸ್ತಕದಲ್ಲಿ ಅಂಗದೆ ಅಕ್ಕ” ಎಂದೆ.

ಅವಳು ಜಗಳವಾಡಲಿಲ್ಲ. ಸೆರಗನ್ನು ಹಣೆಯವರೆಗೆ ಎಳೆದುಕೊಂಡು, ಡಬ್ಬವನ್ನು ಜಗುಲಿಯ ಮೇಲಿಟ್ಟು, “ಪುಡಿ ಆದ್ರೂ ಕುಡೀಲಿ” ಎಂದು ಹೇಳಿ ಹೋದಳು. ಹಲಗೂರಿಗೆ ಸಂಜೆಯವರೆಗೆ ಬಸ್ಸಿರಲಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಅಷ್ಟು ಹೊತ್ತೂ ಬಿಸಿಲಲ್ಲಿ ಒಬ್ಬಳೇ ಕೂತಿದ್ದಳೆಂದು ಆಮೇಲೆ ಪಕ್ಕದ ಮನೆಯವರು ಹೇಳಿದರು.

ಆ ದಿನವೂ ಜಯಮ್ಮ ಅದೇ ಡಬ್ಬದ ಕಾಫಿ ಕಾಸಿ ಕೊಟ್ಟಳು. ಆ ದಿನವೂ ನೋವು ಒಂಬತ್ತೇ. ಮುಂದಿನ ಸೋಮವಾರ ಅಕ್ಕ ಬರಲಿಲ್ಲ, ಬಸ್ಸಿನ ಕಂಡಕ್ಟರ್ ಕೈಯಲ್ಲಿ ಡಬ್ಬ ಮಾತ್ರ ಬಂತು. ಮತ್ತೆ ಒಂಬತ್ತು. ಆಗ ಅವ್ವ ಡಬ್ಬವನ್ನು ಎತ್ತಿಕೊಂಡು ಹೋಗಿ ತಿಪ್ಪೆಗೆ ಸುರಿದಳು. ಬೀಜ ಹುರಿಯುವಾಗ ಅದರ ಮೇಲೂ ಕಣ್ಣು ಬಿದ್ದಿರುತ್ತದೆ ಎಂದಳು. ಮನೆದೇವರಿಗೆ ಕೈಮುಗಿದು, ಮಗ ಎದ್ದು ನಡೆಯುವವರೆಗೆ ಈ ಮನೆಯಲ್ಲಿ ಕಾಫಿ ಕಾಸುವುದಿಲ್ಲ ಎಂದು ಹರಕೆ ಹೊತ್ತಳು. ಬಂದವರಿಗೆಲ್ಲ ಮಜ್ಜಿಗೆ ಕೊಟ್ಟಳು. ನನಗೂ ಮಜ್ಜಿಗೆ.

ಮೊದಲ ಎರಡು ದಿನ ತಲೆ ಸಿಡಿದುಹೋಯಿತು. ವಾರ ಕಳೆದು ಸೋಮವಾರ ಬಂದರೂ ನೋವು ನಾಲ್ಕನ್ನು ದಾಟಲಿಲ್ಲ. ಮೂರನೇ ವಾರಕ್ಕೆ ಎರಡು. ಒಂದು ಸೋಮವಾರ ಸಂಜೆ ಪುಸ್ತಕದಲ್ಲಿ ಎರಡು ಎಂದು ಬರೆದು, ಎದ್ದು, ಗೋಡೆ ಹಿಡಿಯದೆ ಹಿತ್ತಲ ಬಾವಿಯವರೆಗೆ ನಡೆದೆ. ಜಯಮ್ಮ ಬಟ್ಟೆ ಒಗೆಯುತ್ತಿದ್ದವಳು ಕೈಯಲ್ಲಿದ್ದ ಸೀರೆ ಬಿಟ್ಟು ಅಳತೊಡಗಿದಳು. ಅವ್ವ ಆಕಾಶಕ್ಕೆ ಕೈ ಮುಗಿದಳು. ಇನ್ನು ಅನುಮಾನ ಯಾರಿಗಿತ್ತು? ಅಕ್ಕನ ಕಣ್ಣು ತಪ್ಪಿತು, ನಾನು ಎದ್ದೆ.

ಮಂಡ್ಯದ ಡಾಕ್ಟರು ಪುಸ್ತಕವನ್ನು ಗಮನವಿಟ್ಟು ನೋಡಿದರು. ಕೊನೆಯ ಹಾಳೆಗಳ ಮೇಲೆ ಬೆರಳಿಟ್ಟು, “ಇಲ್ಲಿಂದ ಚೆನ್ನಾಗಿ ಇಳಿದಿದೆ. ಮಾತ್ರೆ ಅದೇ, ಪ್ರಮಾಣ ಅದೇ. ಮನೇಲಿ ಏನಾದ್ರೂ ಬದಲಾಯಿಸಿದ್ರಾ?” ಎಂದು ಕೇಳಿದರು. ವಿಜ್ಞಾನದ ಮೇಷ್ಟ್ರು ಅಕ್ಕನ ಕಣ್ಣಿನ ಕಥೆ ಹೇಳುವುದು ಹೇಗೆ? ಮರ್ಯಾದೆ ಅಡ್ಡ ಬಂತು. “ಏನೂ ಇಲ್ಲ ಸಾರ್” ಎಂದೆ. ಅವರು ಒಂದು ಗಳಿಗೆ ನನ್ನ ಮುಖ ನೋಡಿ, ಸರಿ ಎಂದು ಪುಸ್ತಕ ಮುಚ್ಚಿ ಕೊಟ್ಟರು.

ಜೂನ್‌ನಲ್ಲಿ ಶಾಲೆಗೆ ಹೋದೆ. ಒಂದು ತಿಂಗಳಾದ ಮೇಲೆ ಹಲಗೂರಿಗೂ ಹೋದೆ, ಅಕ್ಕನನ್ನು ಮಾತಾಡಿಸಿಕೊಂಡು ಬರೋಣವೆಂದು. ಅವಳು ಬಾಗಿಲು ಅರ್ಧ ಮುಚ್ಚಿ, ಅದರ ಹಿಂದೆ ನಿಂತಳು. ಬಳೆಯಿಲ್ಲದ ಕೈ ಮಾತ್ರ ಕಾಣುತ್ತಿತ್ತು.

“ನಡ್ಕಂಡ್ ಬಂದ್ಯಾ ಮಗ?”

“ಊಂ ಕಣಕ್ಕ, ಬಸ್ ಸ್ಟ್ಯಾಂಡಿಂದ ನಡ್ಕಂಡೇ ಬಂದೆ. ಈಚೀಗ್ ಬಾ.”

“ಬ್ಯಾಡ ಬುಡು. ನಿನ್ ಎಜ್ಜೆ ಸದ್ದು ಕೇಳುಸ್ತು, ಅಷ್ಟು ಸಾಕು. ನಾನ್ ನೋಡ್ದೆ ಇದ್ರೇ ನಿಂಗ್ ಒಳ್ಳೇದಾಗಾದಾದ್ರೆ ಇನ್ನೇನ್ ಬೇಕು ನಂಗೆ. ಓಗು, ಬಿಸ್ಲು ಏರ್ತದೆ.”

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಜಗಳವಾಡಿ, ಅತ್ತು, ಸರಿಮಾಡಿಕೊಳ್ಳಬಹುದಿತ್ತು. ಅವಳು ನಂಬಿಬಿಟ್ಟಿದ್ದಳು. ತನ್ನ ಗಂಡ ಹೋದದ್ದೂ ಈ ಕಣ್ಣಿನಿಂದಲೇ ಇರಬಹುದೆಂದು ಓರಗಿತ್ತಿಯ ಹತ್ತಿರ ಹೇಳಿಕೊಂಡಿದ್ದಳಂತೆ. ನಾನು ಬಾಗಿಲು ತಳ್ಳಬಹುದಿತ್ತು, ತಳ್ಳಲಿಲ್ಲ. ಒಪ್ಪಿಕೊಳ್ಳುತ್ತೇನೆ, ವಾಪಸು ಬಸ್ಸು ಹತ್ತುವಾಗ ನನಗೆ ಒಳಗೊಳಗೇ ಹಗುರವಾಗಿತ್ತು.

ಆಮೇಲಿನ ನಾಲ್ಕು ವರ್ಷದಲ್ಲಿ ಮದುವೆ ತಿಥಿಗಳಲ್ಲಿ ನಾನು ನೋಡಿದ್ದು ಅವಳ ಬೆನ್ನು ಮಾತ್ರ. ನಾನು ಬರುವುದು ಗೊತ್ತಾದರೆ ಅಡುಗೆಯವರ ಹಿಂದೆ ಹೋಗಿ ಕೂರುತ್ತಿದ್ದಳು. ಕೊನೆಗೆ ಹೊಟ್ಟೆಯಲ್ಲಿ ಗಡ್ಡೆಯಾಗಿ ಮಲಗಿದಾಗ ಹಲಗೂರಿಗೆ ಓಡಿದೆ. ನನ್ನ ದನಿ ಕೇಳಿದ್ದೇ ಗೋಡೆಯ ಕಡೆ ಹೊರಳಿ, ಸೆರಗನ್ನು ಕಣ್ಣಿನ ಮೇಲೆ ಎಳೆದುಕೊಂಡಳು. ನಾನು ಕಾಲ ಬಳಿ ಕೂತೆ. ಪಾದ ತಣ್ಣಗಿತ್ತು. ಸೆರಗಿನ ಒಳಗಿಂದಲೇ “ಕಾಲು ಎಂಗದೆ?” ಎಂದು ಕೇಳಿದಳು. ಚೆನ್ನಾಗಿದೆ ಅಕ್ಕ ಎಂದೆ. ಎರಡು ದಿನಕ್ಕೆ ಹೋದಳು.

ಸುಮಿತ್ರಳನ್ನು ಅವಳ ಚಿಕ್ಕಪ್ಪ ಓದಿಸಿದರು. ಹುಡುಗಿ ಜಾಣೆ, ಮೈಸೂರಿನಲ್ಲಿ ಔಷಧಶಾಸ್ತ್ರ ಕಲಿಸುವ ಮೇಡಂ ಆದಳು. ನಮ್ಮ ಮನೆಗೆ ಬರುತ್ತಿರಲಿಲ್ಲ. ಅವ್ವ ತೀರಿಕೊಂಡು ಬಹಳ ವರ್ಷಗಳ ಮೇಲೆ, ನನ್ನ ತಲೆ ಪೂರ್ತಿ ಬೆಳ್ಳಗಾದ ಮೇಲೆ, ಒಂದು ಬೆಳಿಗ್ಗೆ ತಾನಾಗಿ ಬಂದಳು.

“ಮಾವ, ನಮ್ಮವ್ವ ಹೇಳ್ತಿದ್ದ ಆ ಪುಸ್ತಕ ಇದೆಯಾ?” ಎಂದಳು.

ಇತ್ತು. ಟ್ರಂಕಿನ ತಳದಿಂದ ತೆಗೆದು ಕೊಟ್ಟೆ. ಅವಳು ಕನ್ನಡಕ ಏರಿಸಿ ಒಂದೊಂದೇ ಹಾಳೆ ನೋಡಿದಳು. ಊಟದ ಕಲಮಿನ ಮೇಲೆ ಬೆರಳು ಓಡಿಸುತ್ತ ಕೇಳಿದಳು.

“ಕಾಫಿ ಎಲ್ಲಿ ಮಾವ? ಮುದ್ದೆ ಬರೆದಿದ್ದೀರಿ, ಉಪ್ಪಿನಕಾಯಿ ಕೂಡ ಬರೆದಿದ್ದೀರಿ. ನಮ್ಮವ್ವ ಕುಡಿಸಿದ ಕಾಫಿ ಎಲ್ಲಿ?”

“ಕಾಫೀನ ಯಾರಾದ್ರೂ ಊಟ ಅಂತ ಬರೀತಾರೇನಮ್ಮ? ನೀರು ಬರೀತೀವಾ?” ಎಂದೆ. ಮಾತ್ರೆಯ ಹೆಸರು, ಡಾಕ್ಟರ ಮಾತು, ಡಬ್ಬ ತಿಪ್ಪೆಗೆ ಹೋದದ್ದು ಎಲ್ಲವನ್ನೂ ಅವಳು ಕೇಳಿ ತಿಳಿದುಕೊಂಡಳು.

ಅವಳು ಪುಸ್ತಕ ಮುಚ್ಚಿ ಮಡಿಲಲ್ಲಿಟ್ಟುಕೊಂಡು, ಪಾಠ ಹೇಳುವವರ ಸಮಾಧಾನದಲ್ಲಿ ಹೇಳಿದಳು. ಡಾಕ್ಟರು ಹೇಳಿದ ನಾರ್‌ಅಡ್ರಿನಲಿನ್ ನಿಜವಂತೆ. ಆದರೆ ತೂಬು ಇಳಿಸಲು ಅದಕ್ಕೆ ಇನ್ನೊಂದರ ಕೈ ಬೇಕಂತೆ. ಅಡಿನೋಸಿನ್ ಎಂದು, ನಮ್ಮ ಮೈಯೇ ಮಾಡಿಕೊಳ್ಳುವ ವಸ್ತು, ಬೆನ್ನುಹುರಿಯಲ್ಲಿ ಅದಕ್ಕೆಂದೇ ಜಾಗಗಳಿವೆಯಂತೆ. ನಾನು ನುಂಗುತ್ತಿದ್ದ ಮಾತ್ರೆ ಅದನ್ನೂ ನೆಚ್ಚಿಕೊಂಡು ಕೆಲಸ ಮಾಡುತ್ತದೆ. ಕಾಫಿಯಲ್ಲಿರುವ ಕೆಫೀನ್ ಹೋಗಿ ಆ ಜಾಗದಲ್ಲಿ ಕೂತುಬಿಡುತ್ತದೆ, ಅಡಿನೋಸಿನ್ ಬಂದರೆ ಕೂರಲು ಎಡೆಯಿಲ್ಲ, ಮಾತ್ರೆಯ ಬಲ ಕುಗ್ಗುತ್ತದೆ. ಅಂಗಡಿಯ ಪುಡಿಯಲ್ಲಿ ಚಿಕೋರಿಯೇ ಹೆಚ್ಚು, ಅದರಲ್ಲಿ ಕೆಫೀನ್ ಇಲ್ಲ.

“ಇಲಿಗಳಲ್ಲಿ ನೋಡಿದ್ದಾರೆ. ನಿಮಗೆ ಹೀಗೇ ಆಯ್ತು ಅಂತ ನಾನು ಪ್ರಮಾಣ ಮಾಡಕ್ಕಾಗಲ್ಲ ಮಾವ. ನರ ತಾನಾಗೇ ವಾಸಿಯಾಗಿರಬಹುದು. ಆದ್ರೆ ನೋಡಿ, ಅವ್ವ ಮನೆಯೊಳಗೆ ಬರೋದು ನಿಂತ ಮೇಲೂ ಎರಡು ಸೋಮವಾರ ಒಂಬತ್ತೇ ಇದೆ. ಡಬ್ಬ ನಿಂತ ಮೇಲೆ ಇಳೀತು. ನೀವೇ ಬರೆದಿದ್ದೀರಿ. ಅವ್ವನ ಕಣ್ಣಲ್ಲಿ ಏನೂ ಇರಲಿಲ್ಲ.”

ಆ ಎರಡು ಸೋಮವಾರಗಳು ಇಷ್ಟು ವರ್ಷ ನನ್ನ ಟ್ರಂಕಿನಲ್ಲೇ ಇದ್ದವು. ಅವ್ವ ಪುಡಿಯ ಮೇಲೂ ಕಣ್ಣು ಬಿದ್ದಿದೆ ಎಂದಾಗ ವಿಜ್ಞಾನದ ಮೇಷ್ಟ್ರು ಹೌದೆಂದು ತಲೆ ಆಡಿಸಿದ್ದ. ನನ್ನನ್ನು ಎಬ್ಬಿಸಬೇಕೆಂದು ಅಕ್ಕ ಹುರಿದು ಕುಟ್ಟಿ ಹೊತ್ತು ತಂದದ್ದೇ ನನ್ನನ್ನು ಮಲಗಿಸಿತ್ತು. ಅಷ್ಟು ಹೇಳಿದ್ದರೆ ಅವಳು ನಕ್ಕು, “ಅಯ್ಯೋ, ಅಷ್ಟೇಯಾ, ಕುಡೀಬ್ಯಾಡ ಬುಡು” ಎಂದು ಮಜ್ಜಿಗೆ ಕಡೆಯುತ್ತಿದ್ದಳು. ಪ್ರತಿ ಸೋಮವಾರ ಬರುತ್ತಿದ್ದಳು. ನಾನು ಸುಮಿತ್ರಳ ಮುಂದೆ ಮುಖ ಮುಚ್ಚಿಕೊಂಡು ಅತ್ತೆ. ಅವಳು ಅಳಲಿಲ್ಲ. ಅವಳು ಅತ್ತು ಮುಗಿಸಿದ್ದು ಯಾವಾಗಲೋ.

ಹೊರಡುವಾಗ ಒಂದು ಫೋಟೋ ಕೇಳಿದೆ. ಇದ್ದದ್ದೇ ಒಂದು, ಬ್ಲಫ್‌ನ ಕ್ವಾರ್ಟರ್ಸ್ ಮುಂದೆ ಭಾವನ ಜೊತೆ ನಿಂತು ತೆಗೆಸಿದ್ದು. ದೊಡ್ಡದು ಮಾಡಿಸಿ ಕಳಿಸಿದಳು.

ಜಯಮ್ಮ ಅದನ್ನು ನಡುಮನೆಯಲ್ಲಿ ಹಿರಿಯರ ಪಟಗಳ ಸಾಲಿಗೆ ಹಾಕೋಣವೆಂದಳು. ನಾನು ಒಪ್ಪಲಿಲ್ಲ. ನನ್ನ ಮಂಚದ ಎದುರಿನ ಗೋಡೆಗೆ, ಮಲಗಿದರೆ ನೇರ ಮುಖಕ್ಕೆ ಮುಖ ಬರುವ ಹಾಗೆ ಮೊಳೆ ಹೊಡೆಸಿದೆ. ಅಕ್ಕ ಫೋಟೋ ತೆಗೆದವನನ್ನು ಕಣ್ಣು ಮಿಟುಕಿಸದೆ ನೋಡಿದ್ದಾಳೆ. ಈಗ ನನ್ನನ್ನು ಹಾಗೇ ನೋಡುತ್ತಾಳೆ, ಬೆಳಿಗ್ಗೆ ಎದ್ದಾಗಿನಿಂದ ದೀಪ ಆರಿಸುವವರೆಗೆ. ಸೋಮವಾರವೂ ನೋಡುತ್ತಾಳೆ. ಮಳೆಗಾಲದಲ್ಲಿ ಎಡಗಾಲು ಈಗಲೂ ಸ್ವಲ್ಪ ಉರಿಯುತ್ತದೆ. ಹತ್ತಕ್ಕೆ ಎರಡು ಕೊಡಬಹುದು, ಅವಳು ನೋಡಿದರೂ ಅಷ್ಟೇ.